ದ್ರಾವಿಡ್ ಬ್ಯಾಟಿಗೆ 11 ಲಕ್ಷ, ಕಡಬದ ಟ್ರಂಕಿನ ಕಾಗದಕ್ಕೆ ಕೆ.ಜಿ. ಲೆಕ್ಕ

2024ರ ಆಗಸ್ಟ್ ತಿಂಗಳಲ್ಲಿ ಎರಡು ಹರಾಜು ನಡೆದವು. ಒಂದು ನಮ್ಮ ದೇಶದ್ದು. ಕ್ರಿಕೆಟಿಗ ಕೆ.ಎಲ್. ರಾಹುಲ್ ಮತ್ತು ಪತ್ನಿ ಅಥಿಯಾ ಶೆಟ್ಟಿ ಸೇರಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಕೆಲಸ ಮಾಡುವ ವಿಪ್ಲಾ ಫೌಂಡೇಶನ್‌ಗೆ ಹಣ ಕೂಡಿಸಲು ಆಟಗಾರರ ವಸ್ತುಗಳನ್ನು ಹರಾಜಿಗಿಟ್ಟರು. ಒಟ್ಟು ₹1.93 ಕೋಟಿ ಬಂತು. ವಿರಾಟ್ ಕೊಹ್ಲಿಯ ಜೆರ್ಸಿ ₹40 ಲಕ್ಷಕ್ಕೆ, ರೋಹಿತ್ ಶರ್ಮಾ ಬ್ಯಾಟು ₹24 ಲಕ್ಷಕ್ಕೆ, ಧೋನಿ ಬ್ಯಾಟು ₹13 ಲಕ್ಷಕ್ಕೆ ಹೋಯಿತು. ನಮ್ಮ ರಾಹುಲ್ ದ್ರಾವಿಡ್ ಬ್ಯಾಟು ₹11 ಲಕ್ಷಕ್ಕೆ.

ಇನ್ನೊಂದು ಹರಾಜು ಅಮೆರಿಕದಲ್ಲಿ ನಡೆದಿದ್ದು. ಬೇಸ್‌ಬಾಲ್ ದೈತ್ಯ ಬೇಬ್ ರೂತ್ 1932ರ ವರ್ಲ್ಡ್ ಸೀರೀಸ್‌ನಲ್ಲಿ ತೊಟ್ಟಿದ್ದ ಜೆರ್ಸಿಗೆ 2.41 ಕೋಟಿ ಡಾಲರ್ ಬಂತು. ಆಗಿನ ದರದಲ್ಲಿ ಹೆಚ್ಚೂಕಮ್ಮಿ ₹200 ಕೋಟಿ! ರೂತ್ ಔಟ್‌ಫೀಲ್ಡರ್ ಆಗಿದ್ದವನು. ಅಂದರೆ ಮೈದಾನದ ಹೊರ ಅಂಚಿನಲ್ಲಿ ನಿಂತು, ಎತ್ತರಕ್ಕೆ ಹಾರಿ ಬರುವ ಚೆಂಡು ಹಿಡಿಯೋನು. ನಮ್ಮ ಡೀಪ್ ಫೀಲ್ಡರ್ ಇದ್ದ ಹಾಗೆ. ಆಟ ಬಿಟ್ಟಿದ್ದು 1935ರಲ್ಲಿ. ಸುಮಾರು 90 ವರ್ಷದ ನಂತರ ಅವನ ಅಂಗಿಗೆ ಈ ಬೆಲೆ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು "ನೋಡಿ, ಅವರಿಗೆಷ್ಟು ಅಭಿಮಾನ, ನಮಗೆಷ್ಟು ಬಡತನ" ಅಂತ ಬರೆಯೋದು ಸುಲಭ. ಆದರೆ ಅದು ವಿಷಯವಲ್ಲ. ಚಾರಿಟಿ ಹರಾಜಿನಲ್ಲಿ ಕೊಡುವ ಹಣ ಅರ್ಧ ದಾನ, ಅರ್ಧ ಪ್ರತಿಷ್ಠೆ. ಅದನ್ನು ಮಾರುಕಟ್ಟೆ ಬೆಲೆ ಅನ್ನೋಕಾಗಲ್ಲ. ನೋಡಬೇಕಾದದ್ದು ರೂತ್ ಜೆರ್ಸಿ ಆ ಬೆಲೆಗೆ ಹೇಗೆ ಏರಿತು ಅನ್ನೋದನ್ನ. ಅದೇ ಜೆರ್ಸಿ 2005ರಲ್ಲಿ 9.4 ಲಕ್ಷ ಡಾಲರಿಗೆ ಮಾರಾಟವಾಗಿತ್ತು. ಬಟ್ಟೆ ಅದೇ, ಬೆವರಿನ ಕಲೆ ಅದೇ. ಬದಲಾಗಿದ್ದು ಸಾಕ್ಷ್ಯ. ಹಳೆಯ ಫೋಟೋಗಳ ಜೊತೆ ಜೆರ್ಸಿಯನ್ನು ಇಟ್ಟು, ಅಕ್ಷರದ ಅಂಚು ಹೊಲಿಗೆಗೆ ಎಲ್ಲಿ ತಾಗುತ್ತೆ, ಗುಂಡಿ ಎಲ್ಲಿ ಬರುತ್ತೆ ಎಂದು ಹೋಲಿಸಿ, 1932ರ ಅಕ್ಟೋಬರ್ 1ರಂದು ಶಿಕಾಗೋದಲ್ಲಿ ಆಡಿದ ಆ ಪಂದ್ಯದ್ದೇ ಇದು ಅಂತ ಪರಿಣತರು ಹೇಳಿದರು. ರೂತ್ ಬೆರಳು ತೋರಿಸಿ, ಆಮೇಲೆ ಹೋಂ ರನ್ ಬಾರಿಸಿದ ಅಂತ ಅಮೆರಿಕನ್ನರು ಇವತ್ತಿಗೂ ಜಗಳಾಡುವ ಪಂದ್ಯ ಅದು. ಬೆಲೆ ಹಾರಿತು.

ಅಂದರೆ, ಬಟ್ಟೆಗೆ ಬೆಲೆ ತಂದುಕೊಟ್ಟಿದ್ದು ಯಾರೋ ಎತ್ತಿಟ್ಟಿದ್ದ ಹಳೇ ಫೋಟೋಗಳು.

ಈಗ ಕಡಬಕ್ಕೆ ಬರೋಣ. ದಕ್ಷಿಣ ಕನ್ನಡದ ಕಡಬ ತಾಲ್ಲೂಕಲ್ಲ, ಇದು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಹೋಬಳಿ ಊರು, ಶಿಂಷಾ ನೀರಿನ ದೊಡ್ಡ ಕೆರೆಯ ಊರು. ತೊಂಬತ್ತರ ದಶಕದಲ್ಲಿ ಇಂಥ ಊರುಗಳಲ್ಲಿ ಬೆಳೆದ ಹುಡುಗರಿಗೆ ಚಿನ್ನಸ್ವಾಮಿ ಸ್ಟೇಡಿಯಂ ಅನ್ನೋದು ಟಿವಿಯೊಳಗಿನ ಜಾಗ. ಟಿಕೆಟ್ ಎಲ್ಲಿ ಸಿಗುತ್ತೆ, ಯಾರು ಕೊಡ್ತಾರೆ, ರಾತ್ರಿ ವಾಪಸ್ ಬರೋದು ಹೇಗೆ, ಇದ್ಯಾವುದೂ ಗೊತ್ತಿಲ್ಲ. ದ್ರಾವಿಡ್ ಕೈಯಿಂದ ಸಹಿ ಹಾಕಿಸಿಕೊಳ್ಳೋದಂತೂ ಕನಸಿನಲ್ಲೂ ಬರದ ಮಾತು. ಹಾಗಂತ ಸಂಗ್ರಹ ಮಾಡಲಿಲ್ವಾ? ಮಾಡಿದರು. ಕಾಗದದಲ್ಲಿ ಮಾಡಿದರು.

ಬೆಳಗ್ಗೆ ಟೀ ಅಂಗಡಿಗೆ ಬರುವ ಪ್ರಜಾವಾಣಿಯ ಕ್ರೀಡಾ ಪುಟ ಸಂಜೆಯ ಹೊತ್ತಿಗೆ ಯಾರದೋ ಚಡ್ಡಿ ಜೇಬಿನಲ್ಲಿರುತ್ತಿತ್ತು. ಆಮೇಲೆ ವಿಜಯ ಕರ್ನಾಟಕ ಬಂತು, ಬಣ್ಣದ ಪುಟಗಳು ಬಂದವು. ತುಮಕೂರಿನ ಪ್ರಜಾಪ್ರಗತಿಯಲ್ಲಿ ಜಿಲ್ಲಾ ಟೂರ್ನಿಗಳ ಸುದ್ದಿ. ಸ್ಪೋರ್ಟ್‌ಸ್ಟಾರ್‌ನ ನಡುಪುಟದ ಪೋಸ್ಟರ್‌ಗೆ ಪೇಟೆಯ ನೆಂಟರೇ ಗತಿ. ಬಿಗ್ ಫನ್ ಬಬಲ್‌ಗಮ್ ಸುತ್ತಿಬರುತ್ತಿದ್ದ ಕಾಗದದಲ್ಲಿ ರನ್ನು, ವಿಕೆಟ್ಟು. 1999ರ ವಿಶ್ವಕಪ್‌ಗೆ ಬ್ರಿಟಾನಿಯಾ ಬಿಸ್ಕತ್ತಿನ ರ‍್ಯಾಪರ್ ಕೂಡಿಹಾಕಿ ಇಂಗ್ಲೆಂಡಿಗೆ ಹೋಗುವ ಯೋಜನೆ ಹಾಕದ ಹುಡುಗರೇ ಇರಲಿಲ್ಲ. ಆ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ರನ್ ಹೊಡೆದಿದ್ದು ದ್ರಾವಿಡ್, 461. ನಮ್ಮ ಕಡೆಯ ಎಷ್ಟು ನೋಟ್‌ಬುಕ್‌ಗಳಲ್ಲಿ ಆ ಅಂಕಿ ಕೆಂಪು ಇಂಕಿನಲ್ಲಿ ಬರೆದಿತ್ತೋ!

ಇದು ಬರೀ ಬಡವರ ಸಂಗ್ರಹ ಅಂತ ಅಂದುಕೊಳ್ಳಬೇಡಿ. ಇಲ್ಲಿ ಆಟದ ನಿಯಮವೇ ಒಂದು ಕಾರಣ. ಬೇಸ್‌ಬಾಲ್‌ನಲ್ಲಿ ಚೆಂಡು ಪ್ರೇಕ್ಷಕರ ನಡುವೆ ಬಿದ್ದರೆ ಹಿಡಿದವನದ್ದು. ಹಾಗಾಗಿ ಅಲ್ಲಿ ಸಾಮಾನ್ಯ ಪ್ರೇಕ್ಷಕನೂ ಆಟದ ಒಂದು ತುಂಡನ್ನು ಮನೆಗೆ ಒಯ್ಯಬಹುದು. 2001ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಔಟ್‌ಫೀಲ್ಡರ್ ಬ್ಯಾರಿ ಬಾಂಡ್ಸ್ ಆ ಋತುವಿನ 73ನೇ ಹೋಂ ರನ್ ಹೊಡೆದಾಗ, ಆ ಚೆಂಡು ನನ್ನದು, ತನ್ನದು ಅಂತ ಇಬ್ಬರು ಪ್ರೇಕ್ಷಕರು ಕೋರ್ಟಿಗೇ ಹೋದರು. ಒಬ್ಬನ ಗ್ಲೌಸ್‌ಗೆ ಬಿದ್ದಿದೆ, ಜನ ಮುಗಿಬಿದ್ದಾಗ ಜಾರಿ ಇನ್ನೊಬ್ಬನಿಗೆ ಸಿಕ್ಕಿದೆ. ಮಾರಿ ಸಮನಾಗಿ ಹಂಚಿಕೊಳ್ಳಿ ಅಂತ ನ್ಯಾಯಾಧೀಶರು ತೀರ್ಪು ಕೊಟ್ಟರು. 2003ರಲ್ಲಿ ಅದು 4.5 ಲಕ್ಷ ಡಾಲರಿಗೆ ಹೋಯಿತು. ವಕೀಲರ ಫೀಸು ಕಳೆದು ಏನುಳಿಯಿತೋ ಬೇರೆ ಮಾತು.

ಕ್ರಿಕೆಟ್‌ನಲ್ಲಿ ಸಿಕ್ಸರ್ ಬಂದರೆ ಚೆಂಡು ವಾಪಸ್ ಎಸೀಬೇಕು. ಇಲ್ಲಾಂದ್ರೆ ಅಷ್ಟೇ ಸವೆದ ಬೇರೆ ಚೆಂಡು ತರಬೇಕಾಗುತ್ತೆ. ಸ್ಟಂಪು, ಚೆಂಡು, ಬ್ಯಾಟು, ಜೆರ್ಸಿ ಎಲ್ಲ ಆಟಗಾರರ ಕಿಟ್‌ಬ್ಯಾಗಿಗೆ, ಅಲ್ಲಿಂದ ಅವರ ಮನೆಯ ಶೋಕೇಸಿಗೆ, ಅಲ್ಲಿಂದ ಗೆಳೆಯರ ಮೂಲಕ ಹರಾಜಿಗೆ. ಪ್ರೇಕ್ಷಕನಿಗೆ ಉಳಿಯೋದು ಟಿಕೆಟ್ಟಿನ ಅರ್ಧ ಚೂರು. ಮೈದಾನಕ್ಕೇ ಹೋಗದವನಿಗೆ ಪೇಪರಿನ ಪುಟ. ಹೀಗಾಗಿ ಕರ್ನಾಟಕದಲ್ಲಿ ಕ್ರಿಕೆಟ್ ನೆನಪಿನ ವಸ್ತು ಅಂದರೆ ಎರಡು ಲೋಕ. ಮರ ಮತ್ತು ಬಟ್ಟೆಯ ಲೋಕ ಬೆಂಗಳೂರಿನ ಕೆಲವೇ ಮನೆಗಳಲ್ಲಿದೆ. ಕಾಗದದ ಲೋಕ ಕಡಬ, ನಿಟ್ಟೂರು, ಕುಣಿಗಲ್, ಅರಸೀಕೆರೆಯ ಅಟ್ಟಗಳ ಮೇಲಿದೆ.

ಮೊದಲನೆಯದರ ಬಗ್ಗೆ ನನಗೆ ಹೆಚ್ಚು ಚಿಂತೆಯಿಲ್ಲ. ₹11 ಲಕ್ಷ ಕೊಟ್ಟವರು ಬ್ಯಾಟನ್ನು ಒಲೆಗೆ ಹಾಕಲ್ಲ. ಗಾಜಿನ ಪೆಟ್ಟಿಗೆ, ವಿಮೆ ಎಲ್ಲ ಮಾಡಿಸ್ತಾರೆ. ಅಲ್ಲಿನ ಅಪಾಯ ಬೇರೆ, ನಕಲಿಯದ್ದು. ಇದಕ್ಕೂ ಬೇಸ್‌ಬಾಲ್ ಕಡೆ ನೋಡುವುದು ಒಳ್ಳೆಯದು. ಸ್ಯಾನ್‌ಡಿಯೇಗೋ ತಂಡದ ಔಟ್‌ಫೀಲ್ಡರ್ ಟೋನಿ ಗ್ವಿನ್, ತನ್ನದೇ ತಂಡದ ಅಂಗಡಿಯಲ್ಲಿ ಮಾರಾಟಕ್ಕಿಟ್ಟಿದ್ದ "ಟೋನಿ ಗ್ವಿನ್ ಸಹಿ"ಗಳನ್ನು ನೋಡಿ, ಇವು ನನ್ನವಲ್ಲ ಅಂದರು. ಆ ಹೊತ್ತಿಗೆ ಎಫ್‌ಬಿಐ 'ಆಪರೇಶನ್ ಬುಲ್‌ಪೆನ್' ಹೆಸರಲ್ಲಿ ಖೋಟಾ ಸಹಿಗಳ ಜಾಲದ ಹಿಂದೆ ಬಿದ್ದಿತ್ತು. ಇದರ ಫಲವಾಗಿ 2001ರಲ್ಲಿ, ಅಂದರೆ ಗ್ವಿನ್ ನಿವೃತ್ತರಾದ ವರ್ಷವೇ, ಮೇಜರ್ ಲೀಗ್ ಬೇಸ್‌ಬಾಲ್ ತನ್ನದೇ ದೃಢೀಕರಣ ವ್ಯವಸ್ಥೆ ಶುರುಮಾಡಿತು. ಪ್ರತಿ ಪಂದ್ಯದಲ್ಲೂ ಹಾಲಿ ಅಥವಾ ಮಾಜಿ ಪೊಲೀಸ್ ಅಧಿಕಾರಿಯೊಬ್ಬರು ಕೂತಿರುತ್ತಾರೆ. ಆಟದಿಂದ ಹೊರಬಂದ ಚೆಂಡು ನೇರ ಅವರ ಕೈಗೆ. ಅವರು ಸಂಖ್ಯೆಯಿರುವ ಹೋಲೋಗ್ರಾಂ ಅಂಟಿಸಿ, ಯಾವ ಪಂದ್ಯ, ಯಾವ ಇನ್ನಿಂಗ್ಸ್, ಯಾವ ಎಸೆತ ಅಂತ ದಾಖಲಿಸುತ್ತಾರೆ. ಕಣ್ಣಾರೆ ಕಂಡಿದ್ದಕ್ಕೆ ಮಾತ್ರ ಸ್ಟಿಕರ್. ಆಟಗಾರನೇ ಬಂದು ಹೇಳಿದರೂ ನಂಬುವಂತಿಲ್ಲ.

ನಮ್ಮಲ್ಲಿ ಇನ್ನೂ "ಅವರೇ ಕೊಟ್ಟಿದ್ದು ಸಾರ್" ಅನ್ನೋ ಮಾತೇ ದೃಢೀಕರಣ ಪತ್ರ. ಸಹಿಯಿರುವ ಬ್ಯಾಟು ಅಂತ ಮಾರೋರು ಅಚ್ಚಾದ ಸಹಿಯನ್ನೂ ಸಹಿ ಅಂತಲೇ ಕರೀತಾರೆ. ಕೊಳ್ಳೋನಿಗೆ ಮೋಸವಾದರೆ ಹಣ ಹೋಗುತ್ತೆ ಅಷ್ಟೇ ಅಲ್ಲ, ಖೋಟಾ ವಸ್ತು ಒಮ್ಮೆ ಸಂಗ್ರಹಕ್ಕೆ ಸೇರಿದರೆ ಪಕ್ಕದಲ್ಲಿರುವ ಅಸಲಿಯ ಮೇಲೂ ಅನುಮಾನ ಬರುತ್ತೆ.

ಈ ಅನುಮಾನದ ಕಥೆ ಕಡಬಕ್ಕೆ ಹೊಸದಲ್ಲ. ಈ ಊರಿನ ಹೆಸರು ಇತಿಹಾಸಕಾರರಿಗೆ ಪರಿಚಯವಾಗಿದ್ದು ಇಲ್ಲಿ ಸಿಕ್ಕ ತಾಮ್ರಪಟಗಳಿಂದ. ಶಕ 735, ಅಂದರೆ ಕ್ರಿ.ಶ. 812ರ ತೇದಿಯ ಕಡಬ ತಾಮ್ರಶಾಸನ. ರಾಷ್ಟ್ರಕೂಟ ದೊರೆ ಮೂರನೇ ಗೋವಿಂದ, ಜೈನ ಮುನಿ ಅರ್ಕಕೀರ್ತಿಗೆ ಜಾಲಮಂಗಲ ಎಂಬ ಗ್ರಾಮವನ್ನು ದಾನಕೊಟ್ಟ ದಾಖಲೆ. ವಿಮಲಾದಿತ್ಯ ಎಂಬಾತನ ಶನಿಕಾಟ ಬಿಡಿಸಿದ್ದಕ್ಕೆ ಈ ದಾನ! ಹಾಳೆ ಹಾಳೆ ತಾಮ್ರ, ತುಂಬ ವಿವರ. ಆದರೂ ವಿದ್ವಾಂಸರ ವಲಯದಲ್ಲಿ ಇದರ ಅಸಲಿತನದ ಬಗ್ಗೆ ಪ್ರಶ್ನೆ ಎದ್ದೇ ಇತ್ತು. ಅಕ್ಷರದ ರೂಪ ನೋಡಿ, ಭಾಷೆ ನೋಡಿ, ಬೇರೆ ಶಾಸನಗಳ ಜೊತೆ ತಾಳೆ ಹಾಕಿ ವಾದ ಮಾಡಿದರು. ಬೇಬ್ ರೂತ್ ಜೆರ್ಸಿಗೆ ಮಾಡಿದ್ದೂ ಅದೇ ಕೆಲಸ. ತಾಳೆ ಹಾಕೋಕೆ ಇನ್ನೊಂದು ದಾಖಲೆ ಇದ್ದರೆ ಮಾತ್ರ ಒಂದು ವಸ್ತು ಮಾತಾಡುತ್ತೆ.

ದ್ರಾವಿಡ್ ವಿಷಯದಲ್ಲಿ ಆ ಇನ್ನೊಂದು ದಾಖಲೆ ಯಾವುದು? ಟೆಸ್ಟ್ ಪಂದ್ಯಗಳಿಗೆ ವಿಡಿಯೋ ಇದೆ. 1996ರ ಲಾರ್ಡ್ಸ್‌ನ 95, 2001ರ ಕೋಲ್ಕತ್ತದ 180, 2003ರ ಅಡಿಲೇಡ್‌ನ 233, ಇವಕ್ಕೆಲ್ಲ ಯೂಟ್ಯೂಬ್ ಇದೆ. ರಣಜಿಗೆ? ಕ್ಲಬ್ ಆಟಗಳಿಗೆ? ಶಾಲಾ ಟೂರ್ನಿಗಳಿಗೆ? 1995-96, 1997-98, 1998-99ರಲ್ಲಿ ಕರ್ನಾಟಕ ರಣಜಿ ಗೆದ್ದ ಕಾಲದ ಬಹಳಷ್ಟು ದಿನಗಳಿಗೆ ಪತ್ರಿಕೆಯ ಪುಟವೇ ಸಾಕ್ಷಿ. 1999ರ ಫೈನಲ್‌ನಲ್ಲಿ ಮಧ್ಯಪ್ರದೇಶದ ವಿರುದ್ಧ ಡ್ರಾ ಕಡೆಗೆ ಹೊರಟಿದ್ದ ಆಟವನ್ನು ಕೊನೆಯ ದಿನ ವಿಜಯ್ ಭಾರದ್ವಾಜ್ ಸ್ಪಿನ್ ಹಾಕಿ ತಿರುಗಿಸಿದರಲ್ಲ, ಅದನ್ನು ನೆನಪಿಟ್ಟುಕೊಂಡಿರೋರು ಎಷ್ಟು ಜನ? ಭಾರದ್ವಾಜ್ ಬ್ಯಾಟನ್ನು ಯಾರೂ ಲಕ್ಷಕ್ಕೆ ಹರಾಜು ಹಾಕಲ್ಲ. ಆದರೆ ಅವತ್ತಿನ ಸ್ಕೋರ್‌ಬೋರ್ಡು, ಮರುದಿನದ ಫೋಟೋ ಯಾವುದೋ ಹಳ್ಳಿಯ ನೋಟ್‌ಬುಕ್‌ನಲ್ಲಿ ಅನ್ನದ ಅಗುಳಿನಿಂದ ಅಂಟಿಸಿಕೊಂಡು ಕೂತಿದೆ.

ಇಂಗ್ಲಿಷ್ ಪತ್ರಿಕೆಗಳ ಹಳೇ ವರದಿಗಳು ಒಂದಷ್ಟಾದರೂ ಆನ್‌ಲೈನ್ ಸಿಗುತ್ತವೆ. ಕನ್ನಡ ಪತ್ರಿಕೆಗಳ 1996ರ, 1999ರ ಕ್ರೀಡಾ ಪುಟ ಹುಡುಕಿ ನೋಡಿ, ಕಷ್ಟ ಗೊತ್ತಾಗುತ್ತೆ. ಜಿಲ್ಲಾ ಆವೃತ್ತಿಯ ಪುಟಗಳದ್ದು ಇನ್ನೂ ಕಷ್ಟ. ಆದರೆ ಕ್ರಿಕೆಟ್ಟನ್ನು ಕನ್ನಡದಲ್ಲಿ ಹೇಗೆ ಬರೆದರು, "ದಾಂಡಿಗ" ಯಾವಾಗ "ಬ್ಯಾಟರ್" ಆದ, "ಹುದ್ದರಿ" ಯಾವಾಗ "ವಿಕೆಟ್" ಆಯ್ತು, "ಗೋಡೆ" ಅನ್ನೋ ಬಿರುದು ಕನ್ನಡ ಪುಟಕ್ಕೆ ಹೇಗೆ ಬಂತು, ಇದೆಲ್ಲ ಆ ಪುಟಗಳಲ್ಲೇ ಇದೆ. ಬ್ಯಾಟಿನ ಮೇಲೆ ಇರೋದು ಕಂಪನಿಯ ಸ್ಟಿಕರ್ ಮಾತ್ರ.

ಇನ್ನೊಂದು ಮಾತು. ದ್ರಾವಿಡ್ 2012ರ ಮಾರ್ಚ್‌ನಲ್ಲಿ ನಿವೃತ್ತರಾದರು. ಹೆಚ್ಚೂಕಮ್ಮಿ ಅದೇ ಕಾಲಕ್ಕೆ ಹುಡುಗರ ಕೈಗೆ ಸ್ಮಾರ್ಟ್‌ಫೋನ್ ಬಂತು, ಕತ್ತರಿ ಹೋಯಿತು. ಕೊಹ್ಲಿಯ ಅಭಿಮಾನಿ ಪೇಪರ್ ಕತ್ತರಿಸಲಿಲ್ಲ, ವಾಲ್‌ಪೇಪರ್ ಡೌನ್‌ಲೋಡ್ ಮಾಡಿದ. ಅಂದರೆ ವಿಶ್ವನಾಥ್, ಚಂದ್ರಶೇಖರ್, ಪ್ರಸನ್ನ, ಕಿರ್ಮಾನಿಯಿಂದ ಶುರುವಾಗಿ ಕುಂಬ್ಳೆ, ಶ್ರೀನಾಥ್, ದ್ರಾವಿಡ್‌ವರೆಗಿನದ್ದು ಕಾಗದದ ಯುಗ. ಇನ್ನು ಯಾರೂ ಹೊಸದಾಗಿ ಅದನ್ನು ಕೂಡಿಹಾಕಲ್ಲ. ಇರೋದು ಇದ್ದಷ್ಟೇ, ದಿನಾ ಕಮ್ಮಿಯಾಗುತ್ತಾ ಹೋಗುತ್ತೆ. ಕತ್ತರಿಸಿಟ್ಟ ಹುಡುಗರಿಗೆ ಈಗ ನಲವತ್ತು, ಐವತ್ತು. ಬೆಂಗಳೂರಿನಲ್ಲಿ ಇಎಂಐ ಕಟ್ಟುತ್ತಿದ್ದಾರೆ. ಊರಿನ ನಾಡಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕುವಾಗ ಅಟ್ಟದ ಟ್ರಂಕು ಇಳಿಯುತ್ತೆ. ಆ ಹೊತ್ತಿಗೆ ಗುಜರಿಯವನ ಗಾಡಿ ಬೀದಿಯಲ್ಲಿ ಕೂಗಿಕೊಂಡು ಬರುತ್ತೆ. ತಕ್ಕಡಿಗೆ ದ್ರಾವಿಡ್ ಫೋಟೋ ಇರುವ ಪುಟವೂ ಒಂದೇ, ಎಲ್‌ಐಸಿ ಕ್ಯಾಲೆಂಡರ್ ಕೂಡ ಒಂದೇ.

"ಬರಗಾಲ, ಕೊಬ್ಬರಿ ಬೆಲೆ, ಕೆರೆಗೆ ನೀರು, ಇದನ್ನೆಲ್ಲ ಬಿಟ್ಟು ಹಳೇ ಪೇಪರ್ ಚಿಂತೇನಾ?" ಅಂತ ಗುಬ್ಬಿ ಕಡೆಯ ಓದುಗರು ಕೇಳಬಹುದು. ಕೇಳಲಿ. ಕ್ರಿಕೆಟ್ ಅಭಿಮಾನವನ್ನು ಹುಚ್ಚು ಅಂತ ಬದಿಗೆ ಸರಿಸಿದ್ದರ ಪರಿಣಾಮವನ್ನು ನಾವು ನೋಡಿದ್ದೇವೆ. 2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ದಿನ ಚಿನ್ನಸ್ವಾಮಿ ಗೇಟಿನ ಹೊರಗೆ 11 ಜನ ಸತ್ತರು. ಅಭಿಮಾನಿ ಅಂದರೆ ಗುಂಪು, ತಲೆಲೆಕ್ಕ, ವ್ಯೂಸ್ ಅಂತಲೇ ನೋಡುವ ವ್ಯವಸ್ಥೆಗೆ, ಅವನಿಗೂ ಒಂದು ಹೆಸರು, ಒಂದು ನೆನಪು, ಒಂದು ಸಂಗ್ರಹ ಇರುತ್ತೆ ಅನ್ನೋದು ಹೊಳೆಯೋದೇ ಇಲ್ಲ. ನಾಳೆ ಕ್ರಿಕೆಟ್ ಮ್ಯೂಸಿಯಂ ಅಂತ ಯಾರಾದರೂ ಮಾಡಿದರೆ ಅದರಲ್ಲಿ ಕಪ್ಪುಗಳಷ್ಟೇ ಇರಬೇಕಾ, ಆ ಸಂಜೆ ಗೇಟಿನ ಮುಂದೆ ಚದುರಿ ಬಿದ್ದಿದ್ದ ಚಪ್ಪಲಿಗಳೂ ಇರಬೇಕಾ? ಇರಬೇಕು ಅನ್ನೋದು ನನ್ನ ಅಭಿಪ್ರಾಯ.

ಹಾಗಾದರೆ ಎಲ್ಲವನ್ನೂ ಸರ್ಕಾರಕ್ಕೆ ಕೊಟ್ಟುಬಿಡೋಣವೇ? ಅಲ್ಲೂ ಒಂದು ಕಹಿ ಪಾಠವಿದೆ. ಹಾಕಿಯಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದ ಬಲ್ಬೀರ್ ಸಿಂಗ್ ಸೀನಿಯರ್, 1985ರಲ್ಲಿ ತಮ್ಮ 36 ಪದಕಗಳನ್ನು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ಬ್ಲೇಜರನ್ನು, ನೂರಕ್ಕೂ ಹೆಚ್ಚು ಫೋಟೋಗಳನ್ನು ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ ಕೊಟ್ಟರು. ಮ್ಯೂಸಿಯಂ ಮಾಡ್ತೀವಿ ಅಂದಿದ್ದರು. ಮ್ಯೂಸಿಯಂ ಬರಲಿಲ್ಲ. 2012ರಲ್ಲಿ ವಿಚಾರಿಸಿದರೆ ವಸ್ತುಗಳೇ ನಾಪತ್ತೆ. ಆರ್‌ಟಿಐ ಹಾಕಿದರೆ ದಾಖಲೆಯೇ ಇಲ್ಲ ಅನ್ನೋ ಉತ್ತರ. 2020ರ ಮೇ ತಿಂಗಳಲ್ಲಿ ಅವರು ತೀರಿಕೊಳ್ಳುವವರೆಗೂ ಆ ಸಂಗ್ರಹ ಅವರಿಗೆ ವಾಪಸ್ ಸಿಗಲಿಲ್ಲ. ಕಳ್ಳತನ ಆಯಿತೋ, ಗೋಡೌನಿನಲ್ಲಿ ಗೆದ್ದಲು ತಿಂತೋ, ಅದಕ್ಕಿಂತ ಮುಖ್ಯವಾಗಿ ತೆಗೆದುಕೊಂಡಾಗ ಯಾರೂ ಪಟ್ಟಿ ಮಾಡಿ ಉಳಿಸಿಕೊಳ್ಳಲಿಲ್ಲ. ಪಟ್ಟಿ ಇಲ್ಲದಿದ್ದರೆ ಕಳೆದದ್ದನ್ನು ಹುಡುಕೋಕೂ ಆಗಲ್ಲ.

ಕಾನೂನೂ ನೆರವಿಗಿಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಒಂದು ವಸ್ತು ಪುರಾತನ ಅನ್ನಿಸಿಕೊಳ್ಳೋಕೆ ಸಾಮಾನ್ಯವಾಗಿ 100 ವರ್ಷ ಆಗಿರಬೇಕು. ದ್ರಾವಿಡ್ 1996ರಲ್ಲಿ ಲಾರ್ಡ್ಸ್‌ನಲ್ಲಿ ಆಡಿದ ಬ್ಯಾಟು 2096ಕ್ಕೆ ಅರ್ಹತೆ ಪಡೆಯುತ್ತೆ. ಅಲ್ಲಿವರೆಗೆ ಅದು ಯಾರದೋ ಸ್ವಂತ ಆಸ್ತಿ.

ಲಾರ್ಡ್ಸ್ ಅಂದಾಗ ನೆನಪಾಯಿತು. ಅಲ್ಲಿನ ಎಂಸಿಸಿ ಮ್ಯೂಸಿಯಂನಲ್ಲಿ ಒಂದು ಗುಬ್ಬಿ ಇದೆ, ನಿಜವಾದ ಗುಬ್ಬಿ. 1936ರ ಜುಲೈನಲ್ಲಿ ಕೇಂಬ್ರಿಜ್ ಪರ ಆಡುತ್ತಿದ್ದ ಭಾರತದ ಜಹಾಂಗೀರ್ ಖಾನ್ ಬೌಲ್ ಮಾಡಿದಾಗ ಚೆಂಡಿಗೆ ಸಿಕ್ಕಿ ಸತ್ತ ಗುಬ್ಬಚ್ಚಿ. ಅದನ್ನು ಚೆಂಡಿನ ಜೊತೆಗೇ ಇಟ್ಟಿದ್ದಾರೆ. ಗುಬ್ಬಿ ಹೆಸರಿನ ತಾಲ್ಲೂಕಿನವರಾದ ನಮಗೆ ನಗು ಬರಬಹುದು. ಆದರೆ ಯೋಚನೆ ಮಾಡಿ, ಅದರ ಕೆಳಗೆ ಯಾವ ಪಂದ್ಯ, ಯಾವ ಬೌಲರ್, ಯಾವ ವರ್ಷ ಅನ್ನೋ ಚೀಟಿ ಇಲ್ಲದಿದ್ದರೆ ಅದು ಯಾವ ಗುಬ್ಬಿ? ಆಸ್ಟ್ರೇಲಿಯಾದ ಬೌರಲ್ ಎಂಬ ಪುಟ್ಟ ಪಟ್ಟಣ, ಬ್ರಾಡ್‌ಮನ್ ಬಾಲ್ಯ ಕಳೆದ ಊರು ಅನ್ನೋ ಒಂದೇ ಕಾರಣಕ್ಕೆ ಕ್ರಿಕೆಟ್ ಮ್ಯೂಸಿಯಂ ಕಟ್ಟಿಕೊಂಡು ಜಗತ್ತನ್ನು ಕರೆಸಿಕೊಳ್ಳುತ್ತಿದೆ.

ನಮ್ಮಲ್ಲಿ ಅಷ್ಟು ದೊಡ್ಡದೇನೂ ಬೇಡ, ಸದ್ಯಕ್ಕೆ ಒಂದು ಪಟ್ಟಿ ಸಾಕು. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಗೆ ತುಮಕೂರು ವಲಯ ಅಂತಲೇ ಒಂದಿದೆ, ಮೈಸೂರು, ಶಿವಮೊಗ್ಗ, ಧಾರವಾಡ, ರಾಯಚೂರು, ಮಂಗಳೂರು ವಲಯಗಳ ಹಾಗೆ. ವಲಯಗಳು ಟೂರ್ನಿ ನಡೆಸೋದರ ಜೊತೆಗೆ, ತಮ್ಮ ಕಡೆಯ ಅಭಿಮಾನಿಗಳ ಬಳಿ ಏನೇನಿದೆ ಅಂತ ಬರೆದಿಟ್ಟುಕೊಳ್ಳಬಹುದು. ವಸ್ತು ಅವರ ಮನೆಯಲ್ಲೇ ಇರಲಿ, ಪಟ್ಟಿ ಮಾತ್ರ ಎಲ್ಲರಿಗೂ ಸಿಗಲಿ. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ದ್ರಾವಿಡ್ ಹೆಸರಲ್ಲಿ ಇಟ್ಟಿಗೆಯ ಗೋಡೆಯನ್ನೇ ಕಟ್ಟಿದ ಸಂಸ್ಥೆಗೆ ಒಂದು ರಿಜಿಸ್ಟರ್ ಭಾರವಲ್ಲ. ದ್ರಾವಿಡ್ ಮಟ್ಟಿಗೆ ಹೇಳೋದಾದರೆ, ಅವರಿಗೆ ಇಂಥ ಆಡಂಬರ ಇಷ್ಟವಾಗೋ ಥರ ಕಾಣಲ್ಲ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡ್ತೀವಿ ಅಂದಾಗ, ಬೇಡ, ಸಂಶೋಧನೆ ಮಾಡಿಯೇ ಪಡೀತೀನಿ ಅಂದವರು ಅವರು. ಸಂಶೋಧನೆಗೆ ಬೇಕಾದ ಸಾಮಗ್ರಿ ಉಳಿಸಿ ಅಂದರೆ ಬೇಡ ಅನ್ನಲಾರರು.

ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಿಗೆ ಈಗ 'ಅರಿವು ಕೇಂದ್ರ' ಅಂತ ಹೆಸರು. ಅಲ್ಲಿ ಫೋನ್ ಕ್ಯಾಮೆರಾದಲ್ಲೇ ಇಂಥ ಪುಟಗಳ ಚಿತ್ರ ತೆಗೆದಿಡುವ ಕೆಲಸವನ್ನು ಹೈಸ್ಕೂಲ್ ಮಕ್ಕಳೇ ಮಾಡಬಲ್ಲರು. ಸಂಚಯ, ಸರ್ವೆಂಟ್ಸ್ ಆಫ್ ನಾಲೆಡ್ಜ್ ಥರದ ಸ್ವಯಂಸೇವಕ ಬಳಗಗಳು ಕನ್ನಡ ಪುಸ್ತಕಗಳಿಗೆ ಈಗಾಗಲೇ ದಾರಿ ತೋರಿಸಿವೆ. ಒಂದು ಎಚ್ಚರಿಕೆ ಬೇಕು. ಪತ್ರಿಕೆಯ ಫೋಟೋಗೆ ಸಾಮಾನ್ಯವಾಗಿ ಅದನ್ನು ತೆಗೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತೆ. ಹಾಗಾಗಿ ಚಿತ್ರಗಳನ್ನು ಸಾರ್ವಜನಿಕವಾಗಿ ಹಾಕೋಕೆ ಪತ್ರಿಕೆಗಳ ಒಪ್ಪಿಗೆ ಬೇಕು. ಆದರೆ ಯಾವ ದಿನದ ಪುಟ ಯಾರ ಹತ್ತಿರ ಇದೆ ಅನ್ನೋ ಪಟ್ಟಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಪತ್ರಿಕೆಗಳಿಗೂ ಇದರಲ್ಲಿ ಲಾಭವೇ ಇದೆ. ತಮ್ಮ ಕಚೇರಿಯಲ್ಲೇ ಇಲ್ಲದ ಜಿಲ್ಲಾ ಪುಟ ಕಡಬದಲ್ಲಿ ಸಿಕ್ಕರೆ ಬೇಡ ಅಂತಾರಾ?

ಪಟ್ಟಿ ಶುರುವಾಗೋವರೆಗೆ ಟ್ರಂಕು ಇರೋರಿಗೆ ಒಂದಿಷ್ಟು ಕೆಲಸ. ಕತ್ತರಿಸಿದ ಪುಟದಲ್ಲಿ ತೇದಿ ಇಲ್ಲದಿದ್ದರೆ ಹಿಂಬದಿಯ ಸುದ್ದಿ ನೋಡಿ, ಅಲ್ಲಿ ಸಿನಿಮಾ ಜಾಹೀರಾತೋ, ಅಡಿಕೆ ಧಾರಣೆಯೋ ಇದ್ದರೆ ದಿನ ಪತ್ತೆಯಾಗಬಹುದು. ಪತ್ರಿಕೆ, ಆವೃತ್ತಿ, ದಿನಾಂಕ, ಕತ್ತರಿಸಿದವರ ಹೆಸರು ಇಷ್ಟನ್ನು ಅಂಚಿನಲ್ಲಿ ಮೆತ್ತಗೆ ಪೆನ್ಸಿಲ್‌ನಲ್ಲಿ ಬರೆಯಿರಿ. ಬಾಲ್‌ಪೆನ್ ಬೇಡ, ಶಾಯಿ ಆಚೆ ಬದಿಗೆ ಇಳಿಯುತ್ತೆ. ಸೆಲ್ಲೋಟೇಪ್ ಬೇಡ, ಹತ್ತು ವರ್ಷಕ್ಕೆ ಕಂದು ಕಲೆ ಬಿಟ್ಟು ಉದುರುತ್ತೆ. ಪ್ರೀತಿಯಿಂದ ಲ್ಯಾಮಿನೇಶನ್ ಮಾಡಿಸೋಕಂತೂ ಹೋಗಲೇಬೇಡಿ, ಒಮ್ಮೆ ಮಾಡಿಸಿದರೆ ಬಿಡಿಸೋಕಾಗಲ್ಲ. ನೋಟ್‌ಬುಕ್ಕಿಗೆ ಅಂಟಿಸಿದ್ದನ್ನು ಕೀಳದೆ ನೋಟ್‌ಬುಕ್ಕನ್ನೇ ಇಡಿ. ಮಗ್ಗಿ ಪುಸ್ತಕದ ಹಿಂಬದಿಯಲ್ಲಿ ಬರೆದ ಸ್ಕೋರು, ಪಕ್ಕದಲ್ಲಿರೋ ಮೇಷ್ಟರ ಕೆಂಪು ಗೀಟು ಸಮೇತ.